ಡಬ್ಬಿಯ ಭಾರ ಬಲ್ಲವಳು

ತಕ್ಕಡಿಯಮ್ಮ, ತೀರಿಕೊಂಡಾಗ ವಯಸ್ಸು ಅರವತ್ತೆರಡು, ವಿಧವೆ, ಇದ್ದ ಒಬ್ಬಳೇ ಮಗಳು ಹತ್ತನೆಯ ತರಗತಿಯಲ್ಲಿದ್ದಾಗ ತನ್ನ ಬದುಕನ್ನು ತಾನೇ ಮುಗಿಸಿಕೊಂಡವಳು. ನಮ್ಮ ಪ್ರೌಢಶಾಲೆಯ ಈ ಆಯಾಳಿಗೆ ಅಡ್ಡಹೆಸರಿಟ್ಟವರು ಮಕ್ಕಳು. ಮಧ್ಯಾಹ್ನದ ಊಟ ಮುಗಿದು ಡಬ್ಬಿಗಳು ಜಗಲಿಯ ಕಪಾಟಿಗೆ ಮರಳಿದೊಡನೆ, ಎಡಗಾಲನ್ನು ತುಸು ಎಳೆಯುತ್ತ ಬಂದು, ಕಂದು ಸ್ವೆಟರಿನ ಸವೆದ ತೋಳನ್ನು ಮೇಲೇರಿಸಿ, ಒಂದೊಂದನ್ನೂ ಅಂಗೈಯಲ್ಲಿ ತೂಗಿ ನೋಡುವುದು ಆಕೆಯ ಬಿಡದ ವ್ರತವಾಗಿತ್ತು. ಊಟ ಹಾಗೇ ಉಳಿದು ಭಾರವಾದ ಡಬ್ಬಿಯ ಮಗುವನ್ನು ಹುಡುಕಿ ಹೋಗಿ, ಪಕ್ಕದಲ್ಲಿ ಸುಮ್ಮನೆ ಕೂರುತ್ತಿದ್ದಳು.

"ಅಜ್ಜೀ, ನಂದೆಷ್ಟು ಕೆ.ಜಿ.?" ಎಂದು ಹುಡುಗರು ಕಾಡಿದರೆ, "ನಿಂದು ಬರೀ ಗಾಳಿ ಕಣೋ, ಪಕ್ಕದವನದ್ದೂ ನೀನೇ ಮುಕ್ಕಿದ್ದೀಯ" ಎನ್ನುವಳು.

ಹಗಲೆಲ್ಲ ಹೊಲಿಗೆಯಂತ್ರ ತುಳಿದು, ಸಂಜೆಶಾಲೆಯಲ್ಲಿ ಓದಿ, ಮುಖ್ಯೋಪಾಧ್ಯಾಯಿನಿಯ ಕುರ್ಚಿಯವರೆಗೆ ನಡೆದುಬಂದ ನನಗೆ, ಹೊಟ್ಟೆ ತುಂಬಿದ ಮಕ್ಕಳ ಖಿನ್ನತೆಯೆಂಬುದು ಒಂದು ವಿಲಾಸವೆಂದೇ ತೋರುತ್ತಿತ್ತು. ಒಂದು ವರ್ಷ, ಪರೀಕ್ಷೆಗೆ ಇನ್ನೊಂದು ತಿಂಗಳಿರುವಾಗ ಆಕೆ ನನ್ನ ಬಾಗಿಲಲ್ಲಿ ನಿಂತು, "ಮೇಡಂ, ಕೊನೇ ಬೆಂಚಿನ ಉದ್ದ ಜಡೆ ಹುಡುಗಿ ಇದಾಳಲ್ಲ, ಅವಳ ಡಬ್ಬಿ ನಾಲ್ಕು ದಿನದಿಂದ ಹಗುರ ಆಗಿಲ್ಲ" ಎಂದಳು.

"ಓದೋ ಮಕ್ಕಳಿಗೆ ಹಸಿವು ಕಮ್ಮಿ. ನೀವು ಗಂಟೆ ಬಾರಿಸೋದು ನೋಡ್ಕೊಳ್ಳಿ" ಎಂದೆ.

ಐದನೆಯ ದಿನ ಆ ಡಬ್ಬಿಯನ್ನು ನಾನೇ ಎತ್ತಿದೆ. ಹಗುರವಾಗಿತ್ತು. "ನೋಡಿದ್ರಾ, ತಿಂದಿದ್ದಾಳೆ" ಎಂದೆ, ಗೆದ್ದವಳ ದನಿಯಲ್ಲಿ. ಆಕೆ ಮುಚ್ಚಳ ತೆಗೆದು ಮೂಸಿದಳು.

"ತಿಂದಿಲ್ಲ ಮೇಡಂ. ಬರೀ ಡಬ್ಬಿ ತಂದಿದ್ದಾಳೆ, ಸೋಪಿನ ವಾಸನೆ ಹಾಗೇ ಇದೆ. ನನ್ನ ಮಗಳೂ ಕೊನೇ ದಿನ ಡಬ್ಬಿ ತೊಳೆದಿಟ್ಟಿದ್ಲು. ಜಾಣೆ ಆದ್ಲು ಅಂತ ಹಿಗ್ಗಿದ್ದೆ ನಾನು."

ಆ ಮಧ್ಯಾಹ್ನ ಆಕೆ ಶಾಲೆಯ ಗಂಟೆ ಬಾರಿಸಲಿಲ್ಲ. ಗ್ರಂಥಾಲಯದ ಹಿಂದಿನ ಮೆಟ್ಟಿಲ ಮೇಲೆ ಹುಡುಗಿಯನ್ನು ಕೂರಿಸಿಕೊಂಡು, ವಿದ್ಯಾವಂತರಾದ ನಾವು ಬಾಯಿಗೆ ತರಲು ಅಂಜುವ ಪ್ರಶ್ನೆಯನ್ನು ಆಕೆ ನೇರವಾಗಿ ಕೇಳಿದ್ದಳು: "ಸಾಯ್ಬೇಕು ಅನ್ಸ್ತಿದೆಯಾ, ಮಗಳೇ?" ಹುಡುಗಿ ಹೌದೆಂದಳು, ಆಮೇಲೆ ಅತ್ತಳು. ಆಕೆ ಕೈ ಬಿಡದೆ ಕೂತಳು. ಸಂಜೆಯೊಳಗೆ ತಾಯಿ ಬಂದರು, ವೈದ್ಯರ ಬಳಿಗೆ ಕರೆದೊಯ್ದರು. ಹುಡುಗಿ ಉಳಿದಳು.

ಗಂಟೆ ತಪ್ಪಿದ್ದಕ್ಕೆ ನಾನು ನೋಟಿಸು ಬರೆದಿದ್ದೆ. ವಿಷಯ ತಿಳಿಯುವ ಮೊದಲೇ ಬರೆದದ್ದು ನಿಜ. ತಿಳಿದ ಮೇಲೂ ಹಿಂಪಡೆಯಲಿಲ್ಲವೆಂಬುದೂ ಅಷ್ಟೇ ನಿಜ. "ಗಂಟೆ ತಪ್ಪಿದ್ದು ಹೌದಲ್ಲ ಮೇಡಂ" ಎಂದು ಆಕೆ ಸಹಿ ಹಾಕಿದಳು. ಕ್ಷಮೆ ಕೇಳಲು ಆಮೇಲೆ ಮೂರು ವರ್ಷಗಳಿದ್ದವು. ಕೇಳಲಿಲ್ಲ.

ಇಂಥವರು ಪುಸ್ತಕದಿಂದ ಮಕ್ಕಳನ್ನು ಅರಿತವರಲ್ಲ. ಕಳೆದುಕೊಂಡ ಒಂದು ಜೀವದ ಭಾರ ಅವರ ಅಂಗೈಯಲ್ಲೇ ಉಳಿದುಬಿಟ್ಟಿರುತ್ತದೆ, ಮಿಕ್ಕೆಲ್ಲವನ್ನೂ ಅವರು ಅದರಿಂದಲೇ ತೂಗುತ್ತಾರೆ.

ಆಕೆ ಬಿಟ್ಟುಹೋದದ್ದು: ಒಂದು ಕಂದು ಸ್ವೆಟರು, ಹಿಡಿ ಸವೆದ ಗಂಟೆಯ ಸುತ್ತಿಗೆ, ಮಗಳು ತೊಳೆದಿಟ್ಟ ಡಬ್ಬಿ, ಅದರೊಳಗೆ ನಾಲ್ಕಾಗಿ ಮಡಿಸಿದ ನನ್ನ ನೋಟಿಸು, ಆ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ಕಳೆದ ವಾರ ನನ್ನ ಮುಂದೆ ಬಂದು ನಿಂತ, ಉದ್ದ ಜಡೆಯ ಒಬ್ಬ ಯುವತಿ.