ಇಪ್ಪತ್ತಡಿ ಬೋರ್ಡಿನಲ್ಲಿ ಹಿಡಿಸದ ಹೆಸರು

ಪುಕ್ಕಟೆ ಸಿಕ್ಕರೆ ನನಗೊಂದು ಇರಲಿ, ನಮ್ಮಪ್ಪನಿಗೊಂದು ಇರಲಿ ಅನ್ನುವವರನ್ನು ನಾವೆಲ್ಲ ಕಂಡಿದ್ದೇವೆ. ಪುಕ್ಕಟೆ ಸಿಕ್ಕಿತೆಂದು ಇನ್ನೊಬ್ಬರ ಅಪ್ಪನನ್ನೇ ಎತ್ತಿಕೊಂಡು ಹೋದವರೂ ಇದ್ದಾರೆ. ಅಂಥವರ ಕೈಗೆ ಸಿಕ್ಕವಳು ಕಂಡಕ್ಟರ್ ಅನ್ನಪೂರ್ಣಾ.

ಕಿತ್ತೂರಿನಿಂದ ಬೈಲಹೊಂಗಲ, ಸವದತ್ತಿ ಹಾಯ್ದು ರಾಮದುರ್ಗಕ್ಕೆ ಹೋಗುವ ಸರ್ಕಾರಿ ಬಸ್ಸಿನಲ್ಲಿ ಅವಳದು ಹನ್ನೊಂದು ವರ್ಷದ ಸರ್ವಿಸು. ವಾರದ ರಜೆಯ ದಿನ ಉಳಿದವರು ಬಟ್ಟೆ ಒಗೆದು ಮಲಗಿದರೆ, ಇವಳು ಹಳೇ ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ಹೊಲ, ಹಳ್ಳ ಎಂದು ತಿರುಗುವವಳು. ಯಾರೂ ಕಲಿಸಿದ್ದಲ್ಲ. ತೆಗೆದ ಫೋಟೋ ಫೇಸ್‌ಬುಕ್ಕಿಗೆ ಹಾಕಿ, ನಾಲ್ಕು ಜನ ಚಲೋ ಐತಿ ಅಂದರೆ ವಾರವಿಡೀ ಖುಷಿಯಲ್ಲಿರುತ್ತಿದ್ದಳು.

ಅವಳಿಗೇ ಮನಸ್ಸು ತುಂಬಿದ ಫೋಟೋ ಮಾತ್ರ ಒಂದೇ. ಮುರಗೋಡದ ಮನೆಯ ಪಡಸಾಲೆಯಲ್ಲಿ ಅಪ್ಪ ಶಟ್ಟೆಪ್ಪ ಅಂಗೈ ಚಾಚಿ, ಅಂಗೈಯೊಳಗಿನ ಬಿಳಿಜೋಳದ ಬೀಜ ನೋಡುತ್ತ ನಿಂತದ್ದು. ಶಟ್ಟೆಪ್ಪ ಬೀಜದ ಮನುಷ್ಯ. ಪ್ರತಿ ಸುಗ್ಗಿಯಲ್ಲಿ ತೆನೆ ಆರಿಸಿ, ಬೂದಿ, ಬೇವಿನೆಲೆ ಬೆರೆಸಿ ಗಡಿಗೆಗಳಲ್ಲಿ ತುಂಬಿಡುತ್ತಿದ್ದ. ಬಿತ್ತಿಗೆಯ ಮುಂಚೆ ಸುತ್ತಿನ ಹಳ್ಳಿಯವರು ಕೇಳಿಕೊಂಡು ಬರುತ್ತಿದ್ದರು. ಕೊಡುವ ಮೊದಲು ಅವನ ಹತ್ತು ಪ್ರಶ್ನೆ: ಹೊಲ ಯಾವುದು, ಎರೆ ಮಣ್ಣೋ ಮಸಾರಿ ಮಣ್ಣೋ, ಹೋದ ವರ್ಷ ಏನು ಹಾಕಿದ್ದೆ. ಒಗ್ಗುವುದಿಲ್ಲ ಅನ್ನಿಸಿದರೆ ಮುಖದ ಮೇಲೆ ಹೇಳಿ ಬರಿಗೈಲಿ ಕಳಿಸುತ್ತಿದ್ದ. ‘ಬೀಜಾ ಪುಕ್ಕಟೆ ಕೊಡಬೇಕು, ಮಾತು ಪುಕ್ಕಟೆ ಕೊಡಬಾರದು’ ಅನ್ನುತ್ತಿದ್ದ. ಅಂಗಡಿಯ ಪಾಕೀಟಿನ ಬೀಜವನ್ನು ಅವನು ಜನ್ಮದಲ್ಲಿ ಮುಟ್ಟಿದವನಲ್ಲ. ಫೋಟೋ ತೆಗೆದ ಮರುವರ್ಷ ತೀರಿಕೊಂಡ.

ಅಪ್ಪನ ವರ್ಷಾಂತಿಕದ ದಿನ ಅನ್ನಪೂರ್ಣಾ ಆ ಫೋಟೋ ಫೇಸ್‌ಬುಕ್ಕಿಗೆ ಹಾಕಿದಳು. ಮೂರನೇ ದಿನಕ್ಕೆ ಸ್ನೇಹಲ್ ಎಂಬವಳ ಮೆಸೇಜು ಬಂತು. ಹರಿತಸಿರಿ ಸೀಡ್ಸ್ ಎಂಬ ಬೀಜದ ಕಂಪನಿಯ ಜಾಹೀರಾತು ವಿಭಾಗದವಳು. ಮೇಡಂ, ಎಂಥಾ ಫೋಟೋ, ಕಣ್ಣಲ್ಲಿ ನೀರು ಬಂತು, ನಮ್ಮ ಕ್ಯಾಲೆಂಡರಿಗೆ ಬೇಕಿತ್ತು, ಬಜೆಟ್ ಇಲ್ಲ, ಆದರೆ ಕೆಳಗೆ ನಿಮ್ಮ ಹೆಸರು ಹಾಕುತ್ತೇವೆ, ಸಾವಿರಾರು ಜನ ನೋಡುತ್ತಾರೆ, ಹೀಗೆ ಬೆಣ್ಣೆ ಹಚ್ಚಿ ಬರೆದಿದ್ದಳು. ಅಪ್ಪ ಮನೆಮನೆಯ ಗೋಡೆ ಮೇಲೆ ಇರುತ್ತಾನೆ, ಕೆಳಗೆ ತನ್ನ ಹೆಸರು ಇರುತ್ತದೆ ಎಂದು ಇವಳು ಕರಗಿಹೋದಳು. ಎರಡೇ ನಿಮಿಷದಲ್ಲಿ, ಒಪ್ಪಿದ್ದೇನೆ ಎಂದು ಬರೆದು, ಕೈಮುಗಿಯುವ ಚಿತ್ರ ಹಾಕಿ, ದೊಡ್ಡ ಸೈಜಿನ ಫೈಲನ್ನೇ ಕಳಿಸಿಕೊಟ್ಟಳು. ಹುಚ್ಚಿ, ಇನ್ನೇನು ಅನ್ನೋಣ.

ಕ್ಯಾಲೆಂಡರ್ ಬರಲಿಲ್ಲ. ಶ್ರಾವಣದಲ್ಲಿ, ಕಿತ್ತೂರಿನ ಹೈವೇಯಿಂದ ಬೈಲಹೊಂಗಲದ ಕಡೆ ಬಸ್ಸು ತಿರುಗುವಲ್ಲಿ, ಇಪ್ಪತ್ತಡಿ ಎತ್ತರದ ಅಪ್ಪ ನಿಂತಿದ್ದ. ಚಾಚಿದ ಅಂಗೈಯಲ್ಲಿ ಜೋಳವಿರಲಿಲ್ಲ, ಹರಿತಸಿರಿಯ ಹಸಿರು ಪಾಕೀಟು ಕೂತಿತ್ತು. ಕೆಳಗೆ, ‘ನನ್ನ ಅನುಭವ, ನನ್ನ ಬೀಜ’. ಬೈಲಹೊಂಗಲದ ಸ್ಟ್ಯಾಂಡಿನ ಎದುರು ಇನ್ನೊಂದು, ಸವದತ್ತಿಯಲ್ಲೊಂದು, ರಾಮದುರ್ಗದಲ್ಲೊಂದು. ಅನ್ನಪೂರ್ಣಾಳ ಹೆಸರು ಯಾವುದರಲ್ಲೂ ಇರಲಿಲ್ಲ.

ಅವಳು ಫೋನ್ ಹಚ್ಚಿ ಕೇಳಿದಳು. ಸ್ನೇಹಲ್ ನಗುತ್ತಲೇ ಉತ್ತರ ಕೊಟ್ಟಳು. ನೀವು ಬರೆದು ಒಪ್ಪಿದ್ದೀರಿ ಮೇಡಂ, ಪಾಕೀಟು ಡಿಸೈನ್ ಟೀಮಿನವರದು, ಹೆಸರು ಹಾಕಬೇಕಂತಿದ್ದೆವು, ಜಾಗದಲ್ಲಿ ಹಿಡಿಸಲಿಲ್ಲ ಅಂದಳು. ಇಪ್ಪತ್ತಡಿ ಬೋರ್ಡಿನಲ್ಲಿ ಒಂದು ಹೆಸರಿಗೆ ಜಾಗವಿಲ್ಲ. ಅನ್ನಪೂರ್ಣಾಳಿಗೆ ಮೈಯೆಲ್ಲ ಉರಿದುಹೋಯಿತು. ಸ್ನೇಹಲ್ ಮೇಲಿನ ಸಿಟ್ಟಿಗಿಂತ ತನ್ನ ಮೇಲಿನ ಸಿಟ್ಟೇ ಹೆಚ್ಚು. ಅಪ್ಪನ ಮಾತನ್ನು ಪುಕ್ಕಟೆ ಕೊಟ್ಟವಳು ತಾನೇ. ಹೋಗುವಾಗ ನಾಲ್ಕು ಕಡೆ, ಬರುವಾಗ ನಾಲ್ಕು ಕಡೆ, ಆ ಬೋರ್ಡು ಬಂದಲ್ಲೆಲ್ಲ ಅವಳು ಬಗ್ಗಿ ಚಿಲ್ಲರೆ ಹುಡುಕತೊಡಗಿದಳು. ಡ್ರೈವರ್ ಮಡಿವಾಳೆಪ್ಪ ಕನ್ನಡಿಯಲ್ಲಿ ನೋಡಿ ಅಲ್ಲಿ ಬಸ್ಸನ್ನು ಬೇಗ ದಾಟಿಸುತ್ತಿದ್ದ.

ಡಿಸೆಂಬರಿನಲ್ಲಿ ಸಿರಸಂಗಿಯ ಸಂಗಪ್ಪ ಬಸ್ ಹತ್ತಿದ. ಅಪ್ಪನ ಹತ್ತಿರ ಪ್ರತಿ ವರ್ಷ ಬೀಜ ಒಯ್ಯುತ್ತಿದ್ದವನು, ಅಪ್ಪನ ಹೆಣಕ್ಕೆ ಹೆಗಲು ಕೊಟ್ಟವನು. ಟಿಕೆಟ್ ತೆಗೆದುಕೊಂಡು, ಈ ಸಲ ಜೋಳ ಕೈಬಿಟ್ಟಿತು ಅಂದ. ಹೂವಾಡುವಾಗ ಮೋಡ ಕವಿದು ಜೋನಿ ರೋಗ ಬಿದ್ದಿದೆ, ಬದುವಿನ ಆಚೆ ಹಳೇ ಬೀಜದ ಹೊಲಕ್ಕೆ ಅಷ್ಟಾಗಿ ಏನೂ ಆಗಿಲ್ಲ, ತನ್ನದಕ್ಕೇ ಬಡಿದಿದೆ ಅಂದ. ಯಾವ ಬೀಜ ಎಂದು ಇವಳು ಕೇಳಬಾರದಿತ್ತು, ಕೇಳಿದಳು.

“ಬೋರ್ಡಿನ್ಯಾಗಿಂದs ಹಾಕಿದ್ನೆವ್ವಾ” ಅಂದ ಸಂಗಪ್ಪ. “ಶಟ್ಟೆಪ್ಪಣ್ಣ ಹಿಡಕೊಂಡು ನಿಂತಾನಂದ್ರ ನೋಡ್ದs ಹಿಡದಿರ್ತಾನೇನು ಅಂದ್ನಿ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಅವನು ಬೈಯಲಿಲ್ಲ, ಕಿಟಕಿಯ ಆಚೆ ನೋಡುತ್ತ ಕೂತ. ಸತ್ತ ಮೇಲೆ ಅಪ್ಪ ಮೊದಲ ಸಲ ಸುಳ್ಳು ಹೇಳಿದ್ದ, ಹೇಳಿಸಿದವಳು ಮಗಳು.

ಮರುವಾರದ ರಜೆಯಲ್ಲಿ ನಸುಕಿನ ಬಸ್ಸಿಗೆ ಸಿರಸಂಗಿಗೆ ಹೋಗಿ ಸಂಗಪ್ಪನ ಹೊಲಕ್ಕೆ ಇಳಿದಳು. ಜೋನಿ ರೋಗ ಕಂಡವರಿಗೆ ಗೊತ್ತು: ತೆನೆಯಿಂದ ಜೋನಿಬೆಲ್ಲದಂಥ ಅಂಟು ರಸ ಹನಿಹನಿಯಾಗಿ ಜಿನುಗುತ್ತದೆ, ಮುಟ್ಟಿದರೆ ಬೆರಳಿಗೆ ಹತ್ತುತ್ತದೆ, ಎರಡು ವಾರಕ್ಕೆ ಎಲ್ಲಾ ಕಪ್ಪಗಾಗಿ ಕಾಳು ಕಟ್ಟುವುದಿಲ್ಲ. ಆದರೆ ಹೊತ್ತು ಹುಟ್ಟುವಾಗ, ಎಳೆ ಬಿಸಿಲು ಹಿಂದಿನಿಂದ ಬಿದ್ದಾಗ, ಒಂದೊಂದು ಹನಿಯೂ ಮಿಂಚುತ್ತದೆ. ಹಾಳು ತೆನೆಯೇ ಹೊಲದಲ್ಲೆಲ್ಲ ಚೆಂದ ಕಾಣಿಸುತ್ತಿತ್ತು. ಸಾಕ್ಷಿಗಿರಲಿ ಎಂದು ಅನ್ನಪೂರ್ಣಾ ಮಣ್ಣಲ್ಲಿ ಮಂಡಿಯೂರಿ ಫೋಟೋ ತೆಗೆದಳು. ಮನೆಗೆ ಬಂದು ನೋಡಿದರೆ, ಅಪ್ಪನದರ ನಂತರ ಅವಳು ತೆಗೆದ ಅತ್ಯುತ್ತಮ ಫೋಟೋ ಅದೇ.

ಜನವರಿಯಲ್ಲಿ ಸ್ನೇಹಲ್ ಮತ್ತೆ ಬರೆದಳು. ನಾಚಿಕೆ ಎಂಬುದು ಅಂಗಡಿಯಲ್ಲಿ ಸಿಗುವುದಿಲ್ಲವಲ್ಲ. ನಿಮ್ಮ ಫೋಟೋ ತುಂಬಾ ಕೆಲಸ ಮಾಡಿತು ಮೇಡಂ, ಮುಂದಿನ ಹಂಗಾಮಿಗೆ ಜೋಳದ ತೆನೆಯ ಫೋಟೋ ಬೇಕು, ಬೆಳಗಿನ ಬಿಸಿಲಿರಲಿ, ಹೋದ ಸಲದ ಹಾಗೆಯೇ ಬಜೆಟ್ ಇಲ್ಲ, ಎಂದಿತ್ತು.

ಅನ್ನಪೂರ್ಣಾ ಈ ಸಲ ಎರಡು ನಿಮಿಷದಲ್ಲಿ ಉತ್ತರ ಬರೆಯಲಿಲ್ಲ. ಮೊದಲು ಸಿರಸಂಗಿಗೆ ಹೋಗಿ ಸಂಗಪ್ಪನನ್ನು ಕೇಳಿದಳು, ನಿನ್ನ ಹೊಲದ ಫೋಟೋ ಕೊಡಲೇ ಎಂದು. ಏನು ಮಾಡಲಿದ್ದಾಳೆ ಎಂದು ತಿಳಿದದ್ದೇ ಅವನು ಗೋಡೆಗೆ ಒರಗಿ ಹೊಟ್ಟೆ ಹಿಡಿದುಕೊಂಡು ನಕ್ಕ. “ಕೊಡವಾ” ಅಂದ. “ನನ್ನ ಹೆಸರೂ ಹಾಕ್ಸು.”

ಮಡಿವಾಳೆಪ್ಪನಿಗೂ ಹೇಳಿದಳು. ಅವನು, ಆ ಹುಡುಗಿಯ ನೌಕರಿಗೆ ಕುತ್ತು ಬಂದೀತು ಅಂದ. ಬರಲಿ ಅಂದಳು ಅನ್ನಪೂರ್ಣಾ. ಅವಳಿಗೆ ಆ ಹೊತ್ತಿನಲ್ಲಿ ಕರುಣೆ ಇರಲಿಲ್ಲ, ಇದೆಯೆಂದು ನಾನು ಯಾಕೆ ಸುಳ್ಳು ಹೇಳಲಿ.

ಫೋಟೋ ಕಳಿಸಿ ಮೂರು ಷರತ್ತು ಬರೆದಳು. ಅಪ್ಪನ ಬೋರ್ಡು ಎಲ್ಲ ಕಡೆಯಿಂದ ಇಳಿಯಬೇಕು. ತನ್ನ ಹೆಸರು ಅಪ್ಪನ ಹೆಸರಿನ ಜೊತೆ ಪೂರ್ತಿ, ದೊಡ್ಡ ಅಕ್ಷರದಲ್ಲಿ ಬರಬೇಕು. ಇದು ನಿಮ್ಮದೇ ಬೀಜದ ಬೆಳೆ, ಸಿರಸಂಗಿಯ ಸಂಗಪ್ಪನ ಹೊಲದ್ದು ಎಂದೂ ಹಾಕಬೇಕು. ಸ್ನೇಹಲ್ ಕುಣಿದಾಡಿದಳು. ನಿಜವಾದ ರೈತ, ನಿಜವಾದ ಹೊಲ, ನಮ್ಮದೇ ಬೀಜ, ಇದಕ್ಕಿಂತ ಏನು ಬೇಕು ಮೇಡಂ, ಆ ಇಬ್ಬನಿ ನೋಡಿ ನಮ್ಮ ಬಾಸ್ ಕುರ್ಚಿಯಿಂದ ಎದ್ದುಬಿಟ್ಟರು ಎಂದು ಬರೆದಳು. ಮೂರೂ ಷರತ್ತು ಒಪ್ಪಿ ಪತ್ರ ಬಂತು. ಬೆಳೆ ಬಲ್ಲವರು ಆ ಕಂಪನಿಯಲ್ಲಿ ಇರಲಿಲ್ಲವೆಂದಲ್ಲ. ಅವರು ಬೇರೆ ಮಹಡಿಯಲ್ಲಿ ಕೂಡುತ್ತಿದ್ದರು, ಅಲ್ಲಿಯವರೆಗೆ ಹತ್ತಿ ಹೋಗಿ ಕೇಳುವ ಪುರುಸೊತ್ತು ಯಾರಿಗೂ ಇರಲಿಲ್ಲ.

ಸೆಪ್ಟೆಂಬರಿನಲ್ಲಿ, ರೈತರು ಬೀಜ ಕೊಳ್ಳುವ ವಾರಕ್ಕೆ ಸರಿಯಾಗಿ, ಅಪ್ಪ ಇಳಿದ. ಜೋನಿ ಹತ್ತಿದ ತೆನೆ ಏರಿತು. ‘ಮುತ್ತು ಸುರಿಸುವ ಜೋಳ, ಹರಿತಸಿರಿ’.

ಅವತ್ತು ಬಸ್ಸಿನಲ್ಲಿ ಬೈಲಹೊಂಗಲದ ಸಂತೆಗೆ ಹೊರಟ ಜನ ಕಿಕ್ಕಿರಿದಿದ್ದರು. ಹೈವೇ ತಿರುವಿನಲ್ಲಿ ಮಡಿವಾಳೆಪ್ಪ ಬೇಕಂತಲೇ ನಿಧಾನ ಮಾಡಿದ. ಮೊದಲು ನೋಡಿದವಳು ಕೆಂಪವ್ವ ಎಂಬ ಮುದುಕಿ, ನಲವತ್ತು ಸುಗ್ಗಿ ಕೊಯ್ದ ಕೂಲಿಯವಳು. ಕಣ್ಣಿಗೆ ಕೈ ಅಡ್ಡ ಹಿಡಿದು, ಒಮ್ಮೆ ನೋಡಿ, ಮತ್ತೊಮ್ಮೆ ನೋಡಿದಳು.

“ಯವ್ವಾ, ಜೋನಿ ಬಿದ್ದ ತೆನಿ ತಂದು ಮ್ಯಾಲೇರಿಸ್ಯಾರ. ತಮ್ಮ ಬೀಜಾ ಹಾಕಿದ್ರ ಹಿಂಗಾಕ್ಕೇತಿ ಅಂತ ತಾವs ಬರದಾರ ನೋಡ.”

ಇಡೀ ಬಸ್ಸು ಒಂದೇ ಕಡೆ ವಾಲಿತು. ಒಬ್ಬ ಸಂಗಪ್ಪನ ಹೆಸರು ಓದಿ ಹೇಳಿದ, ಇನ್ನೊಬ್ಬ ಅವನ ಹೊಲ ಹಾಳಾದದ್ದು ತನಗೆ ಗೊತ್ತೆಂದ. ನಗು ಹಿಂದಿನ ಸೀಟಿನಿಂದ ಮುಂದಿನ ಸೀಟಿಗೆ ಬಂತು, ಬೈಗುಳವೂ ಬಂತು. ಮೊಬೈಲುಗಳು ಕಿಟಕಿಯ ಆಚೆ ಚಾಚಿಕೊಂಡವು. ಬಸ್ಸು ಬೈಲಹೊಂಗಲ ಮುಟ್ಟುವುದರೊಳಗೆ ಆ ಫೋಟೋ ರಾಮದುರ್ಗ ಮುಟ್ಟಿತ್ತು. ಬೀಜದಂಗಡಿಗಳ ಮುಂದೆ ಜನ ಹಸಿರು ಪಾಕೀಟು ಎತ್ತಿ ತೋರಿಸಿ, ಜೋನಿ ಇದರೊಳಗೇ ಬರುತ್ತದೋ ಬೇರೆ ಕೊಳ್ಳಬೇಕೋ ಎಂದು ಕೇಳಿ ಅಂಗಡಿಯವರ ಪ್ರಾಣ ತಿಂದರು.

ಸವದತ್ತಿಯ ಸ್ಟ್ಯಾಂಡಿನಲ್ಲಿ ಬಸ್ಸು ನಿಂತಾಗ ಸ್ನೇಹಲ್‌ಳ ಫೋನ್ ಬಂತು. ಅದು ರೋಗವೆಂದು ನಿಮಗೆ ಗೊತ್ತಿತ್ತೇ ಎಂದು ಕೇಳಿದಳು.

“ಗೊತ್ತಿತ್ತ್ರಿ” ಅಂದಳು ಅನ್ನಪೂರ್ಣಾ. “ನೀವು ತೆನಿ ಕೇಳಿದ್ರಿ, ಕೊಟ್ಟೇನಿ. ಅದಕ್ಕೇನಾಗೇತಿ ಅಂತ ಕೇಳಲಿಲ್ಲ. ನಮ್ಮಪ್ಪನ್ನ ಒಯ್ಯುವಾಗೂ ಅಂವಾ ಎಂಥಾವ ಅಂತ ಕೇಳಲಿಲ್ಲ.”

ಸ್ನೇಹಲ್ ಸಣ್ಣ ದನಿಯಲ್ಲಿ, ಬೋರ್ಡು ಇಳಿಸುವವರು ಬರಲು ಎರಡು ದಿನ ಬೇಕು, ಅಲ್ಲಿಯವರೆಗೆ ಕೆಳಗಿನ ಹೆಸರುಗಳಿಗಾದರೂ ಕಾಗದ ಅಂಟಿಸಿ ಮುಚ್ಚುತ್ತೇವೆ, ನಿಮಗೂ ಅದೇ ಒಳ್ಳೆಯದು ಅಂದಳು.

ಅನ್ನಪೂರ್ಣಾ ಬಾಗಿಲಲ್ಲಿ ನಿಂತು ರಸ್ತೆಯ ಆಚೆ ತಲೆಯೆತ್ತಿ ನೋಡಿದಳು. ಹೋದ ವರ್ಷದ ಶ್ರಾವಣದಿಂದ ಅವಳು ಆ ಕಡೆ ತಲೆಯೆತ್ತಿರಲಿಲ್ಲ. ಹಾಳು ತೆನೆಯ ಕೆಳಗೆ, ಒಂದೊಂದು ಅಕ್ಷರ ಮೊಳದುದ್ದ: ಅನ್ನಪೂರ್ಣಾ ಶಟ್ಟೆಪ್ಪ, ಮುರಗೋಡ.

“ಹೆಸರು ಇರ್ಲಿ ಬಿಡ್ರಿ” ಅಂದಳು. “ಈ ಸಲ ಜಾಗದಾಗ ಹಿಡಿಸೇತಲ್ಲ.”

ಫೋನ್ ಚೀಲಕ್ಕೆ ಹಾಕಿ, ಬಾಗಿಲು ಎಳೆದುಕೊಂಡು, ಮಡಿವಾಳೆಪ್ಪನಿಗೆ ಸೀಟಿ ಊದಿದಳು.