ಮೊಮ್ಮಗಳ ಪಂಜು

ವಿಜಯಕುಮಾರಿ ಕಡ್ಡಿಯ ತುದಿಗೆ ಬಿಳಿ ಬಟ್ಟೆ ಸುತ್ತಿ ತುಪ್ಪದಲ್ಲಿ ಅದ್ದುತ್ತಿದ್ದಳು. ಸೋದರಮಾವ ಚಿನ್ನಸಾಮಿ ಬಂದು ಪಕ್ಕದಲ್ಲಿ ನಿಂತರು.

"ಇದನ್ನ ಯಾರಮ್ಮ ಹಿಡಿಯೋದು?"

"ನಿತ್ಯಾ."

"ಅವಳೇ ಇಲ್ಲವಲ್ಲ."

ಜಗಲಿಯಲ್ಲಿ ವಿಜಯಕುಮಾರಿಯ ಅವ್ವ ಕಾಮಾಕ್ಷಿಯಮ್ಮನ ದೇಹವನ್ನು ಮಲಗಿಸಿದ್ದರು. ಅಜ್ಜಿಯನ್ನು ಕಳಿಸುವಾಗ ಮೊಮ್ಮಕ್ಕಳು ತುಪ್ಪದ ಪಂಜು ಹಿಡಿದು ಸುತ್ತು ಬರಬೇಕು. ಆ ಬೆಳಕಿನಲ್ಲೇ ಹೋದವರಿಗೆ ದಾರಿ ಕಾಣುವುದೆಂದು ಸೂಲೂರಿನ ಈ ನೇಕಾರರ ಬೀದಿಯ ನಂಬಿಕೆ. ಇದ್ದ ಒಬ್ಬಳೇ ಮೊಮ್ಮಗಳು, ವಿಜಯಕುಮಾರಿಯ ಮಗಳು ನಿತ್ಯಾ, ನಾರ್ವೆಯ ಉತ್ತರದ ತುದಿಯಲ್ಲಿದ್ದಳು, ಯೂನಿವರ್ಸಿಟಿಯವರ ಜೊತೆ ಗುಡ್ಡದ ಮೇಲೆ ಗಿಡ ಎಣಿಸುತ್ತ.

"ಗಿಡ ನೋಡೋಕೆ ಅಷ್ಟು ದೂರ ಯಾಕೆ? ಇಲ್ಲೇ ತುಡಿಯಲೂರಲ್ಲಿ ಇಲ್ಲವಾ?" ಪಕ್ಕದ ಮನೆಯ ಪೊನ್ನಮ್ಮ ಮೂಗೊರೆಸಿಕೊಂಡು ಕೇಳಿದಳು.

"ನಮ್ಮವ್ವನೂ ಅದನ್ನೇ ಕೇಳಿದ್ದು," ಎಂದಳು ವಿಜಯಕುಮಾರಿ.

*

ಕಾಮಾಕ್ಷಿಯಮ್ಮ ಕೇಳದೆ ಬಿಟ್ಟದ್ದು ಏನೂ ಇರಲಿಲ್ಲ. ಮಗ್ಗಕ್ಕೆ ನೂಲು ಸುತ್ತುತ್ತಲೇ ಆಯಸ್ಸು ಸವೆಸಿದವರು. ಬೀದಿ ದಾಟಿದ್ದೆಂದರೆ ಚೌಡಮ್ಮನ ಹಬ್ಬಕ್ಕೆ, ಪೆರಿಯನಾಯಕನಪಾಳ್ಯದ ತಂಗಿ ಮನೆಗೆ. ಆದರೂ ಗ್ಯಾಸ್ ತಂದವನನ್ನು ಅವನ ಊರು, ಮಳೆ, ಮನೆದೇವರು ವಿಚಾರಿಸದೆ ಕಳಿಸುತ್ತಿರಲಿಲ್ಲ. ಹೋದ ವಾರ ನಿತ್ಯಾ ಫೋನಿನಲ್ಲಿ, ನೆಲಕ್ಕಂಟಿಕೊಂಡ ಸಣ್ಣ ಎಲೆಗಳನ್ನು ತೋರಿಸಿದ್ದಳು.

"ಇದು ಮರ ಅಜ್ಜಿ. ನನಗಿಂತ ದೊಡ್ಡ ವಯಸ್ಸು."

"ಬೆರಳುದ್ದ ಇಲ್ಲ, ಮರವಾ? ಯಾರ ಮನೆ ಆಡು ಮೇಯ್ದುಬಿಡ್ತು?"

"ಆಡು ಅಲ್ಲ, ಚಳಿ."

"ಅಯ್ಯೋ ಪಾವಂ. ಬೇರು ಎಷ್ಟುದ್ದ? ಕೇಳ್ಕೊಂಡು ಬಾ ಕಣ್ಣು, ಇರ್ತೀನಿ."

*

ಈಗ ಫೋನಿನಲ್ಲಿ ನಿತ್ಯಾಳ ಮುಖ ಅತ್ತು ಊದಿಕೊಂಡಿತ್ತು. ಅಲ್ಲಿಯ ಅಡುಗೆಮನೆಯ ಬೆಣ್ಣೆ ಕಾಯಿಸಿ, ಹತ್ತಿ ದುಪಟ್ಟಾ ಹರಿದು, ಅವಳೂ ಪಂಜು ಮಾಡಿಕೊಂಡಿದ್ದಳು.

"ಫೋನಲ್ಲಿ ಪಂಜಾ?" ಚಿನ್ನಸಾಮಿ ಸಿಡುಕಿದರು. "ಸಿನಿಮಾವಾ ಇದು? ಹೊತ್ತಾಯ್ತು, ಎತ್ತಿ!"

"ಅವಳು ಸುತ್ತೋವರೆಗೂ ಹೋಗಬೇಡಿ ಮಾಮ. ಅವ್ವನ್ನ ಕತ್ತಲಲ್ಲಿ ಕಳಿಸಲ್ಲ ನಾನು."

ಚಟ್ಟ ಆಗಲೇ ಹೆಗಲೇರಿತ್ತು. ವಿಜಯಕುಮಾರಿ ಬಾಗಿಲಿಗೆ ಅಡ್ಡ ನಿಂತು ಫೋನನ್ನು ಅವ್ವನ ಮುಖದತ್ತ ಎತ್ತಿ ಹಿಡಿದಳು. ಅಲ್ಲಿ ನಿತ್ಯಾ, ಅಜ್ಜಿಯ ಮುಖ ಮೂಡಿದ ತನ್ನ ಫೋನನ್ನು ಬಂಡೆಯ ಮೇಲೆ ಮಲಗಿಸಿ, ಪಂಜು ಹಿಡಿದು ಅದನ್ನು ಸುತ್ತತೊಡಗಿದಳು. ಇಲ್ಲಿಯವರಿಗೆ ಕಂಡದ್ದು ಬಿಳಿಚಿದ ಆಕಾಶ. ಅದರ ಅಂಚಿನಲ್ಲಿ ಸಾಗುವ ಉರಿ. ಅರ್ಧ ಸುತ್ತಿಗೆ ಗಾಳಿ ಬೀಸಿ ಅದು ಆರಿತು.

ಪೊನ್ನಮ್ಮ ಹಾಡಿ ಅಳುತ್ತಿದ್ದ ಸಾವಿನ ಪದ ನಡುವೆಯೇ ನಿಂತಿತು. ಫೋನಿನೊಳಗೆ ಬೆಂಕಿಕಡ್ಡಿ ಗೀರುವ ಸದ್ದು. ಉಣ್ಣೆಯ ಟೋಪಿಗಳು ಸುತ್ತ ಬಗ್ಗಿದವು. ಯಾರು ಯಾರದೋ ಕೈಗಳು ಪಂಜಿಗೆ ಮರೆ ಹಿಡಿದವು.

"ಯಾರಿವರೆಲ್ಲ?" ಚಿನ್ನಸಾಮಿ ಕೇಳಿದರು.

"ಜೊತೆಗೆ ಓದೋರು ತಾತ," ಎಂದಿತು ನಿತ್ಯಾಳ ದನಿ. "ಸ್ವಲ್ಪ ಇರಿ. ಇಲ್ಲಿ ಗಾಳಿ ಬಿಡ್ತಾ ಇಲ್ಲ."

ಕಡ್ಡಿ ಮತ್ತೆ ಹೊತ್ತಿತು, ಆರಿತು. ಚಟ್ಟ ಹೊತ್ತವರು ಕಾಲು ಬದಲಿಸಿದರು. ಸೂಲೂರಿನ ಬೀದಿಯಲ್ಲಿ ಒಂದೆಲೆಯೂ ಅಲ್ಲಾಡುತ್ತಿರಲಿಲ್ಲ. ಚಿನ್ನಸಾಮಿ ಹೆಗಲ ಟವಲ್ ತೆಗೆದು, ಎರಡೂ ಕೈಯಲ್ಲಿ ಅಗಲಕ್ಕೆ ಬಿಚ್ಚಿ, ಫೋನಿಗೆ ಗಾಳಿ ತಾಗದಂತೆ ಅಡ್ಡ ಹಿಡಿದು ನಿಂತರು.