ಬೋಗುಣಿಯಲ್ಲಿ ಬರೀ ಪಿತ್ತ

"ತಿಣುಕಿ ಅಮ್ಮಾ, ಇನ್ನೂ ಜೋರಾಗಿ. ಹೊಟ್ಟೆ ಕಟ್ಟಿದಾಗ ತಿಣುಕೋ ಹಂಗೆ," ಎಂದರು ಡಾಕ್ಟರ್ ಪ್ರೇಮಲತಾ.

ಸೂರಮ್ಮನಿಗೆ ಹೇಸಿಗೆಯೆನಿಸಿತು. ಎದೆಯ ತುಂಬ ಲೋಳೆಯಂಥ ಅಂಟು, ಅದರ ಮೇಲೆ ಹಲ್ಲಿಗಳಂತೆ ಕಚ್ಚಿಕೊಂಡ, ಎದೆಬಡಿತ ಅಳೆಯುವ ಯಂತ್ರದ ರಬ್ಬರು ಬಟ್ಟಲುಗಳು, ಯಾರ್ಯಾರೋ ಮಲಗೆದ್ದ ಮಂಚದ ಬೆವರುನಾತ. ಚಳ್ಳಕೆರೆಯ ಆಸ್ಪತ್ರೆ ಸೇರುವಷ್ಟರಲ್ಲಿ ಎದೆ ಬೆದರಿದ ಕುದುರೆಯಂತೆ ಓಡುತ್ತಿತ್ತು, ತಿಣುಕಿದರೂ ನಿಲ್ಲಲಿಲ್ಲ. ಎಲ್ಲಕ್ಕಿಂತ ಹೇಸಿಗೆ, ಪಕ್ಕದಲ್ಲಿ ಬೋಗುಣಿ ಹಿಡಿದು ನಿಂತ ಸೊಸೆ ಸ್ವಪ್ನ.

ಹಿಂದೊಮ್ಮೆ ಹೀಗೇ ಎದೆ ಓಡಿದಾಗ ಗಂಡ ಕ್ಯಾತಣ್ಣ ಅವಳನ್ನು ರಾಂಪುರದ ಆಚೆ, ಊಟದಲ್ಲಿ ಬೆರೆಸಿಟ್ಟ ಮಾಟದ ಮದ್ದನ್ನು ಕಕ್ಕಿಸಿ ತೆಗೆಯುವವನ ಬಳಿಗೆ ಕರೆದೊಯ್ದಿದ್ದ. ಅವನ ಸೊಪ್ಪಿನ ರಸ ಕುಡಿದು ಕರುಳು ಕಿತ್ತುಬರುವಂತೆ ಕಕ್ಕಿದ್ದೇ ತಡ, ಎದೆ ತಣ್ಣಗಾಗಿತ್ತು. ಅವನು ವಾಂತಿಯಲ್ಲಿ ಬೆರಳಾಡಿಸಿ, ಕೂದಲು ಸುತ್ತಿದ ಕರಿ ಉಂಡೆಯೊಂದನ್ನು ಎತ್ತಿ ತೋರಿಸಿ, "ಅನ್ನ ಇಕ್ಕೋ ಕೈಯೇ ಮದ್ದು ಇಕ್ಕೈತೆ," ಎಂದಿದ್ದ. ಮನೆಯಲ್ಲಿ ಅನ್ನ ಇಕ್ಕುತ್ತಿದ್ದವಳು ಸ್ವಪ್ನ ಒಬ್ಬಳೇ. ಅಂದಿನಿಂದ ಅವಳು ಏನು ತಂದರೂ ಮೊದಲು ತಾನು ನುಂಗಿ, ಬಾಯಿ ತೆರೆದು ತೋರಿಸಬೇಕಿತ್ತು. ಈ ಅಮಾವಾಸ್ಯೆ ಕಳೆದರೆ ಬಿ.ಜಿ. ಕೆರೆಯ ತವರಿಗೆ ಬಿಟ್ಟುಬರುವುದೆಂದು ಕ್ಯಾತಣ್ಣ ಅವಳ ಸೀರೆಗಳನ್ನು ಗಂಟು ಕಟ್ಟಿಸಿಯೂ ಆಗಿತ್ತು.

"ಬಾಯಿ ತೆರೀರಿ." ಡಾಕ್ಟರು ಚಪ್ಪಟೆ ಕಡ್ಡಿಯಿಂದ ನಾಲಗೆಯ ಬುಡವನ್ನು ಒತ್ತಿದರು. ಓಕರಿಕೆ ನುಗ್ಗಿ ಬಂತು. ಸ್ವಪ್ನ ಬೋಗುಣಿ ಒಡ್ಡಿದಳು. ಎದೆ ಒಂದು ಗಳಿಗೆ ನಿಂತೇಹೋದಂತಾಗಿ, ಆಮೇಲೆ ಒಂದೊಂದೇ ಹೆಜ್ಜೆ ಇಡತೊಡಗಿತು. ಯಂತ್ರದ ಕಾಗದದಲ್ಲಿ ಒತ್ತೊತ್ತಾಗಿದ್ದ ಗೀರುಗಳು ದೂರದೂರ ಸರಿದವು.

"ಮದ್ದು ಬಿತ್ತಾ?" ಬಾಗಿಲಲ್ಲಿದ್ದ ಕ್ಯಾತಣ್ಣ ಕೂಗಿದ. "ಸರಿಯಾಗಿ ನೋಡವ್ವ ಡಾಕ್ಟ್ರೇ, ಕೂದ್ಲು ಇರ್ತೈತೆ."

"ನೀವೇ ಬಂದು ಬೆರಳು ಹಾಕಿ ನೋಡ್ರಿ, ಯಜಮಾನ್ರೇ."

ಕ್ಯಾತಣ್ಣ ಟವೆಲಿನಿಂದ ಮೂಗು ಮುಚ್ಚಿಕೊಂಡ.

"ಎದೆಯ ಕಣಕಣದಲ್ಲೂ ಸಣ್ಣ ಕರೆಂಟು ಹರೀತೈತೆ," ಎಂದರು ಡಾಕ್ಟರು. "ಇವರದು ದಾರಿ ತಪ್ಪಿ ಗಾಣದೆತ್ತಿನ ಹಂಗೆ ಅಲ್ಲಲ್ಲೇ ಸುತ್ತುತ್ತಿತ್ತು. ತಲೆಯಿಂದ ಗಂಟಲ ಪಕ್ಕ ಇಳಿದು ಎದೆಗೆ ಹೋಗೋ ನರ ಒಂದೈತೆ. ಓಕರಿಸಿದ್ರೆ ಅದು ಮೂಗುದಾರ ಎಳೀತೈತೆ. ಯಾರ ಮುಂದೆ ಕಕ್ಕಿದ್ರೂ ಈ ಓಟ ನಿಲ್ಲಬಹುದಿತ್ತು."

"ಹಂಗಾರೆ ರಾಂಪುರದ ಆಚೆಯೋನು ನನ್ನ ವಾಂತಿಯಿಂದ ಎತ್ತಿ ತೋರಿಸಿದ ಕೂದಲ ಉಂಡೆ?" ಸೂರಮ್ಮನ ದನಿ ಸಣ್ಣಗಾಗಿತ್ತು.

"ನಿಮ್ಮ ಹೊಟ್ಟೆಯದಲ್ಲ. ಅವನ ಬೆರಳ ಸಂದೀಲಿತ್ತೇನೋ."

ಸೂರಮ್ಮ ಬೋಗುಣಿಯೊಳಗೆ ಬಗ್ಗಿ ನೋಡಿದಳು. ಬರೀ ಹಳದಿ ಪಿತ್ತ. ಮದ್ದು ತೆಗೆದವನ ಕರಿಗಟ್ಟಿದ ಉಗುರುಗಳ ಆ ಕೈಯನ್ನು ಶಿವನ ಕೈಯೆಂದು ಕಣ್ಣಿಗೊತ್ತಿಕೊಂಡದ್ದು ನೆನಪಾಯಿತು. ಸ್ವಪ್ನಳ ಬಳೆಗಳ ಮೇಲೆ ತನ್ನದೇ ವಾಂತಿ ಸಿಡಿದಿತ್ತು.

"ಇವಳ ಸೀರೆ ಗಂಟು ಬಿಚ್ಚಿಸ್ರಿ," ಎಂದಳು ಗಂಡನಿಗೆ. ಆಮೇಲೆ ಸೊಸೆಯತ್ತ ತಿರುಗಿ, "ವಸಿ ನೀರು ಕೊಡವ್ವ."

ಸ್ವಪ್ನ ಕೈ ತೊಳೆದು ಲೋಟದಲ್ಲಿ ನೀರು ತಂದಳು. ಅಂಗೈಗೆ ಕೊಂಚ ಸುರಿದುಕೊಂಡು ತಾನು ಕುಡಿದಳು. ಬಾಯಿ ತೆರೆದು ತೋರಿಸಿದಳು. ಅತ್ತೆ ಇನ್ನೂ ಕೈ ಚಾಚದ್ದನ್ನು ಕಂಡು, ನಾಲಗೆಯನ್ನೂ ಎತ್ತಿ ತೋರಿಸಿದಳು.